ಲ್ಯುಕೇಮಿಯಾ ರೋಗಿಯ ಮೈಮೇಲೆ ದದ್ದು ಎದ್ದರೆ: ‘ಏನು ಹಚ್ಚಲಿ?’ ಎಂದು ಕೇಳುವ ಮೊದಲು

“ಕೀಮೋ ನಡೀತಿದೆ, ನಿನ್ನೆಯಿಂದ ತೋಳಿನ ಮೇಲೆ ಕೆಂಪು ಗುಳ್ಳೆ ಎದ್ದಿವೆ. ಏನು ಹಚ್ಚಲಿ?” ರಕ್ತದ ಕ್ಯಾನ್ಸರ್ ಬಗ್ಗೆ ಬರೆಯಲು ಶುರು ಮಾಡಿದಾಗಿನಿಂದ ಈ ಪ್ರಶ್ನೆ ಬರದ ವಾರವಿಲ್ಲ. ಊರು ಬೇರೆ, ಫೋಟೊ ಬೇರೆ, ಕೇಳುವುದು ಮಾತ್ರ ಅದನ್ನೇ. ನನ್ನ ಉತ್ತರವೂ ಬದಲಾಗಿಲ್ಲ: ಸದ್ಯಕ್ಕೆ ಏನೂ ಹಚ್ಚಬೇಡಿ.

ಕಾರಣ ಹೇಳುತ್ತೇನೆ. ಲ್ಯುಕೇಮಿಯಾ ಇರುವವರ ಚರ್ಮದಲ್ಲಿ ಏಳುವ ದದ್ದುಗಳಲ್ಲಿ ಒಂದು ಗುಂಪು ಸೋಂಕಿನದು, ಇನ್ನೊಂದು ಗುಂಪು ಮೈಯ ರೋಗನಿರೋಧಕ ಪಡೆಯೇ ದಾರಿ ತಪ್ಪಿ ಎಬ್ಬಿಸಿದ್ದು. ನೋಡಲು ಎರಡೂ ಅಣ್ಣತಮ್ಮಂದಿರಂತೆ ಇರಬಹುದು. ಎರಡನೆಯದಕ್ಕೆ ಆ ಪಡೆಯನ್ನು ತಣ್ಣಗಾಗಿಸುವ ಸ್ಟೀರಾಯ್ಡ್ ಮದ್ದು. ಮೊದಲನೆಯದಕ್ಕೆ ಅದೇ ಸ್ಟೀರಾಯ್ಡ್ ಬೆಂಕಿಗೆ ಸುರಿದ ತುಪ್ಪ. ಅಂಗಡಿಯಲ್ಲಿ ಕೇಳಿದರೆ ಕೊಡುವ ‘ತುರಿಕೆ ಟ್ಯೂಬ್’ಗಳಲ್ಲಿ ಬಹುಪಾಲಿನಲ್ಲಿ ಇರುವುದು ಸ್ಟೀರಾಯ್ಡೇ. ಹಚ್ಚಿದ ಎರಡು ದಿನಕ್ಕೆ ದದ್ದಿನ ಚಹರೆ ಬದಲಾಗುತ್ತದೆ. ಆಮೇಲೆ ನೋಡುವ ವೈದ್ಯರಿಗೆ ಅದು ಅಳಿಸಿದ ಸ್ಲೇಟು. ನಮ್ಮ ಮನೆಯಲ್ಲೂ ಇದೇ ಆಯಿತು. ಅಪಾಯಿಂಟ್‌ಮೆಂಟಿನ ಹಿಂದಿನ ರಾತ್ರಿ ತುರಿಕೆ ತಡೆಯಲಾರದೆ ಕೈಗೆ ಸಿಕ್ಕಿದ ಟ್ಯೂಬು ಹಚ್ಚಿಬಿಟ್ಟೆವು. ಬಯಾಪ್ಸಿ (ಚರ್ಮದ ತುಣುಕು ತೆಗೆದು ಪರೀಕ್ಷಿಸುವುದು) ಒಂದು ವಾರ ಮುಂದೆ ಹೋಯಿತು.

ನಾನು ವೈದ್ಯೆಯಲ್ಲ, ಮನೆಯಲ್ಲಿ ಒಬ್ಬರ ಚಿಕಿತ್ಸೆಯನ್ನು ಮೊದಲಿನಿಂದ ನೋಡಿಕೊಂಡವಳು. ಈ ಬರಹದಿಂದ ನೀವು ದದ್ದಿಗೆ ಹೆಸರಿಡಲು ಕಲಿಯುವುದಿಲ್ಲ, ಕಲಿಯಬೇಕಾಗಿಯೂ ಇಲ್ಲ. ಯಾವುದಕ್ಕೆ ಈ ರಾತ್ರಿಯೇ ಓಡಬೇಕು, ಯಾವುದಕ್ಕೆ ಬೆಳಗಿನ ತನಕ ಕಾಯಬಹುದು, ವೈದ್ಯರ ಮುಂದೆ ಏನನ್ನು ಇಡಬೇಕು ಎಂಬುದಷ್ಟೇ ಇಲ್ಲಿದೆ.

ಮೊದಲು ಲ್ಯುಕೇಮಿಯಾದ ನಾಲ್ಕು ಮುಖ್ಯ ಬಗೆಗಳ ಹೆಸರು. ಕೇಸ್ ಶೀಟಿನಲ್ಲಿ ಎಎಲ್ಎಲ್, ಎಎಂಎಲ್, ಸಿಎಲ್ಎಲ್, ಸಿಎಂಎಲ್ ಎಂದು ಬರೆದಿರುತ್ತಾರೆ. ‘ಎ’ ಎಂದರೆ ವೇಗವಾಗಿ ಬೆಳೆಯುವುದು, ‘ಸಿ’ ಎಂದರೆ ನಿಧಾನದ್ದು. ಎಎಲ್ಎಲ್ ಮಕ್ಕಳಲ್ಲಿ ಹೆಚ್ಚು, ಸಿಎಲ್ಎಲ್ ವಯಸ್ಸಾದವರಲ್ಲಿ. ನಿಮ್ಮ ರೋಗಿಯದು ಯಾವುದು ಎಂದು ಗೊತ್ತಿರಲಿ, ದದ್ದಿನ ಸುಳಿವು ಅರ್ಧ ಅಲ್ಲೇ ಇರುತ್ತದೆ.

ಕೈಯಲ್ಲಿ ಇರಬೇಕಾದ್ದು: ಡಿಜಿಟಲ್ ಥರ್ಮಾಮೀಟರ್, ಪಾರದರ್ಶಕ ಗಾಜಿನ ಲೋಟ, ಬಾಲ್‌ಪೆನ್ನು, ಫೋನು, ಕೊನೆಯ ಸಿಬಿಸಿ ವರದಿ (ರಕ್ತಕಣಗಳ ಎಣಿಕೆ; ಆಸ್ಪತ್ರೆಯ ಮಾತಿನಲ್ಲಿ ‘ಕೌಂಟ್’), ಡಿಸ್ಚಾರ್ಜ್ ಸಾರಾಂಶ, ಈಗ ತೆಗೆದುಕೊಳ್ಳುತ್ತಿರುವ ಎಲ್ಲ ಮಾತ್ರೆಗಳ ಪಟ್ಟಿ ಮತ್ತು ನಿಮ್ಮ ವಾರ್ಡಿನ ಅಥವಾ ಡೇ ಕೇರಿನ ಫೋನ್ ನಂಬರು. ಬೇರೇನೂ ಕೊಳ್ಳಬೇಕಿಲ್ಲ.

ಹಂತ 1: ಜ್ವರ ನೋಡಿ, ಲೋಟ ಒತ್ತಿ

ದದ್ದು ಕಂಡ ಕೂಡಲೇ ಜ್ವರ ಅಳೆಯಿರಿ. ಜ್ವರದ ಮಾತ್ರೆ ಕೊಟ್ಟ ಮೇಲೆ ಅಲ್ಲ, ಕೊಡುವ ಮೊದಲು. 100.4 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 38 ಸೆಲ್ಸಿಯಸ್ ಮುಟ್ಟಿದ್ದರೆ ದದ್ದಿನ ಮಾತು ಪಕ್ಕಕ್ಕಿಡಿ, ಆಸ್ಪತ್ರೆಗೆ ಫೋನ್ ಮಾಡಿ ಹೊರಡಿ. ಸೋಂಕಿನೊಂದಿಗೆ ಮೊದಲು ಹೋರಾಡುವ ಬಿಳಿ ರಕ್ತಕಣಕ್ಕೆ ನ್ಯೂಟ್ರೋಫಿಲ್ ಎನ್ನುತ್ತಾರೆ. ಅದು 500ಕ್ಕಿಂತ ಕೆಳಗೆ ಇಳಿದಿರುವಾಗ ಬರುವ ಜ್ವರ ಗಂಟೆಗಳ ಲೆಕ್ಕದಲ್ಲಿ ಕೆಡುತ್ತದೆ. ಆಸ್ಪತ್ರೆ ಮುಟ್ಟಿದ ಒಂದು ಗಂಟೆಯೊಳಗೆ ಆಂಟಿಬಯಾಟಿಕ್ ಶುರುವಾಗಬೇಕು ಎಂಬುದು ಕ್ಯಾನ್ಸರ್ ವಾರ್ಡುಗಳ ನಿಯಮ. ರೋಗಿ ಸ್ಟೀರಾಯ್ಡ್ ಮಾತ್ರೆಯ ಮೇಲಿದ್ದರೆ ಜ್ವರವೇ ಬರದೆಯೂ ಸೋಂಕು ಇರಬಹುದು. ಅಂಥವರಲ್ಲಿ ನಡುಕ, ವಿಪರೀತ ಸುಸ್ತು, ಮಾತಿನಲ್ಲಿ ತೊಡಕು ಕಂಡರೂ ಜ್ವರ ಬಂದಷ್ಟೇ ಗಂಭೀರ.

ಗುದದಲ್ಲಿ ಥರ್ಮಾಮೀಟರ್ ಇಡಬೇಡಿ. ಕೌಂಟ್ ಇಳಿದವರಿಗೆ ಸಣ್ಣ ಗೀರೂ ಸೋಂಕಿಗೆ ಬಾಗಿಲಾಗುತ್ತದೆ.

ಇನ್ನು ಲೋಟ. ಕೆಂಪು ಚುಕ್ಕೆಯ ಮೇಲೆ ಗಾಜಿನ ಲೋಟದ ಬದಿಯನ್ನು ಒತ್ತಿ, ಗಾಜಿನ ಮೂಲಕ ನೋಡಿ. ಕೆಂಪು ಮಾಸಿದರೆ ಅದು ಉರಿಯೂತ, ಅಂದರೆ ರಕ್ತನಾಳ ಹಿಗ್ಗಿ ಬಂದ ಬಣ್ಣ. ಮಾಸದೆ ಹಾಗೇ ಉಳಿದರೆ ಚರ್ಮದ ಕೆಳಗೆ ರಕ್ತ ಸೋರಿದೆ. ಸಾಸಿವೆ ಕಾಳಿನಷ್ಟು ಚುಕ್ಕೆಗಳು ಮೊಣಕಾಲಿನ ಕೆಳಗೆ ಗುಂಪಾಗಿ ಬಂದು, ತುರಿಕೆಯೂ ಇಲ್ಲ ನೋವೂ ಇಲ್ಲ ಎಂದರೆ ಹೆಚ್ಚಿನ ಸಲ ಅದು ಪ್ಲೇಟ್‌ಲೆಟ್ (ರಕ್ತ ಹೆಪ್ಪುಗಟ್ಟಿಸುವ ಕಣ) ಇಳಿದ ಗುರುತು. ಅಂದೇ ಸಿಬಿಸಿ ಮಾಡಿಸಬೇಕು. ಜೊತೆಗೆ ವಸಡಿನಲ್ಲಿ ರಕ್ತ, ತಲೆನೋವು, ಕಪ್ಪು ಮಲ ಇದ್ದರೆ ಕಾಯುವ ಮಾತೇ ಇಲ್ಲ.

ಈ ಕೆಳಗಿನ ಯಾವುದು ಕಂಡರೂ ರಾತ್ರಿ ಎಷ್ಟು ಹೊತ್ತಾದರೂ ಹೊರಡಿ: ಬಾಯಿ, ಕಣ್ಣು ಅಥವಾ ಜನನಾಂಗದಲ್ಲಿ ಹುಣ್ಣಿನೊಂದಿಗೆ ಚರ್ಮ ಸುಲಿಯುವುದು; ಮುಖ ಅಥವಾ ತುಟಿ ಊದಿ ಉಸಿರು ಕಟ್ಟುವುದು; ನಡುವೆ ಕಪ್ಪಾಗುತ್ತಾ ಹೋಗುವ ನೋವಿನ ಗುಳ್ಳೆ (ಸುಡೊಮೊನಾಸ್ ಎಂಬ ಬ್ಯಾಕ್ಟೀರಿಯಾ ರಕ್ತಕ್ಕೆ ಇಳಿದಾಗ ಹೀಗಾಗುತ್ತದೆ); ಮದ್ದು ಏರಿಸಲು ಹಾಕಿದ ಕ್ಯಾಥೆಟರ್ ಅಥವಾ ಪೋರ್ಟ್ ಇರುವ ಜಾಗದ ಸುತ್ತ ಕೆಂಪು; ಗಂಟೆಗಂಟೆಗೆ ಹರಡುವ ದದ್ದು. 108ಕ್ಕೆ ಕರೆ ಮಾಡಿ. ರಾಯಚೂರಿನಲ್ಲೋ ಕಾರವಾರದಲ್ಲೋ ಕುಳಿತು ‘ನಮ್ಮ ಡಾಕ್ಟರು ಕಿದ್ವಾಯಿಯಲ್ಲಿದ್ದಾರೆ’ ಎಂದು ಬೆಂಗಳೂರಿನ ರಾತ್ರಿ ಬಸ್ಸು ಹತ್ತಬೇಡಿ. ಮೊದಲು ಹತ್ತಿರದ ದೊಡ್ಡ ಆಸ್ಪತ್ರೆಗೆ ಹೋಗಿ, ಅಲ್ಲಿಂದ ಅವರಿಗೂ ನಿಮ್ಮ ವೈದ್ಯರಿಗೂ ಫೋನಿನಲ್ಲಿ ಮಾತು ಕೂಡಿಸಿ.

ಹಂತ 2: ಕೈ ಕಟ್ಟಿಕೊಳ್ಳಿ

ಇದು ಎಲ್ಲಕ್ಕಿಂತ ಕಷ್ಟದ ಹಂತ. ಮನೆಗೆ ಬಂದವರೆಲ್ಲ ಒಂದೊಂದು ಹೇಳುತ್ತಾರೆ. ಬೇವಿನ ಸೊಪ್ಪು ಅರೆದು ಹಚ್ಚಿ, ಅರಿಶಿನ ಹಚ್ಚಿ, ಪಿತ್ತಕ್ಕೆ ಕಷಾಯ ಕುಡಿಸಿ. ಕೌಂಟ್ ಚೆನ್ನಾಗಿರುವ ಮನುಷ್ಯನಿಗೆ ಇವುಗಳಿಂದ ಹಾನಿ ಕಡಿಮೆ ಇರಬಹುದು. ಆದರೆ ಅರೆಯುವ ಕಲ್ಲಿನ ಮೇಲಿನ ಮಣ್ಣು, ಸೊಪ್ಪಿನ ಮೇಲಿನ ಶಿಲೀಂಧ್ರ ನ್ಯೂಟ್ರೋಫಿಲ್ ಇಲ್ಲದವನ ಒಡೆದ ಚರ್ಮಕ್ಕೆ ಹೋದರೆ ಏನಾಗುತ್ತದೆ ಎಂಬುದು ಬೇರೆ ಲೆಕ್ಕ. ಕಷಾಯ, ಭಸ್ಮಗಳು ಕೀಮೋ ಮಾತ್ರೆಗಳೊಂದಿಗೆ ಯಕೃತ್ತಿನಲ್ಲಿ ಜಗಳವಾಡಬಹುದು.

ಎರಡು ನಂಬಿಕೆಗಳನ್ನು ಇಲ್ಲಿ ಹೆಸರಿಸಿಯೇ ಹೇಳಬೇಕು. ಮೈಯ ಒಂದೇ ಮಗ್ಗುಲಲ್ಲಿ, ಪಟ್ಟಿ ಕಟ್ಟಿದಂತೆ, ಮೊದಲು ಉರಿ ಆಮೇಲೆ ನೀರುಗುಳ್ಳೆ ಬಂದರೆ ಅದು ಸರ್ಪಸುತ್ತು. ಕೆಮ್ಮಣ್ಣು ಹಚ್ಚಿಸಿಕೊಂಡು ಬರಲು ಹೋದರೆ ವೈರಸ್ ಮದ್ದು ಶುರು ಮಾಡಬೇಕಾದ ಮೊದಲ 72 ಗಂಟೆ ಕೈತಪ್ಪುತ್ತದೆ. ಇನ್ನೊಂದು, ‘ಅಮ್ಮ ಬಂದಿದೆ’ ಎಂದು ಮಾತ್ರೆ ನಿಲ್ಲಿಸಿ ಬೇವಿನ ಸೊಪ್ಪಿನ ಮೇಲೆ ಮಲಗಿಸುವುದು. ಲ್ಯುಕೇಮಿಯಾ ಇರುವ ಮಗುವಿಗೆ ಸೀತಾಳೆ ಸಿಡುಬು ಶ್ವಾಸಕೋಶಕ್ಕೂ ಯಕೃತ್ತಿಗೂ ಇಳಿಯಬಲ್ಲದು. ಪಕ್ಕದ ಮನೆಯ ಮಗುವಿಗೆ ಅಮ್ಮ ಎದ್ದಿದ್ದು, ನಿಮ್ಮ ಮಗು ಅದರ ಜೊತೆ ಆಡಿದ್ದರೂ ಸಾಕು, ಗುಳ್ಳೆ ಏಳುವ ತನಕ ಕಾಯದೆ ಅಂದೇ ಆಸ್ಪತ್ರೆಗೆ ತಿಳಿಸಿ. ಸೋಂಕು ತಗಲಿದ ಮೊದಲ ಕೆಲವು ದಿನಗಳಲ್ಲಿ ಮಾತ್ರ ಕೊಡಬಹುದಾದ ರಕ್ಷಣೆಯ ಇಂಜೆಕ್ಷನ್ ಇದೆ.

ಗುಳ್ಳೆ ಒಡೆಯಬೇಡಿ, ಹಿಸುಕಬೇಡಿ. ಆಸ್ಪಿರಿನ್, ಐಬುಪ್ರೊಫೆನ್ ಬಗೆಯ ನೋವಿನ ಮಾತ್ರೆ ಬೇಡ, ಪ್ಲೇಟ್‌ಲೆಟ್ ಕಡಿಮೆ ಇದ್ದಾಗ ರಕ್ತಸ್ರಾವ ಹೆಚ್ಚುತ್ತದೆ. ತುರಿಕೆಗೆ ಒದ್ದೆ ತಣ್ಣನೆಯ ಬಟ್ಟೆ, ಸಡಿಲವಾದ ಹತ್ತಿ ಉಡುಪು, ಕತ್ತರಿಸಿದ ಉಗುರು ಇಷ್ಟು ಸಾಕು. ಸೆಟ್ರಿಜಿನ್‌ನಂಥ ಮಾತ್ರೆಯನ್ನೂ ಫೋನಿನಲ್ಲಿ ಕೇಳಿಯೇ ಕೊಡಿ.

ಹಂತ 3: ಫೋಟೊ ಮತ್ತು ಪೆನ್ನಿನ ಗೆರೆ

ಹಗಲು ಬೆಳಕಿನಲ್ಲಿ, ಕಿಟಕಿಯ ಹತ್ತಿರ ನಿಲ್ಲಿಸಿ ತೆಗೆಯಿರಿ. ಫ್ಲ್ಯಾಶ್ ಬೇಡ. ಫಿಲ್ಟರ್ ಅಂತೂ ಬೇಡವೇ ಬೇಡ. ಕೆಲವು ಫೋನುಗಳು ಕೇಳದೆಯೇ ಚರ್ಮವನ್ನು ನುಣುಪು ಮಾಡಿಬಿಡುತ್ತವೆ, ಅದನ್ನು ಆರಿಸಿ. ಒಂದು ದೂರದಿಂದ, ದದ್ದು ಮೈಯ ಯಾವ ಭಾಗದಲ್ಲಿದೆ ಎಂದು ತಿಳಿಯುವಂತೆ. ಇನ್ನೊಂದು ಹತ್ತಿರದಿಂದ, ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯವಿಟ್ಟು. ಅಂಗೈ, ಅಂಗಾಲು, ಕಿವಿಯ ಹಾಲೆ, ಬಾಯೊಳಗೆ, ಇಂಜೆಕ್ಷನ್ ಚುಚ್ಚಿದ ಜಾಗ ಈ ಐದನ್ನು ಏನೂ ಇಲ್ಲದಿದ್ದರೂ ತೆಗೆಯಿರಿ. ದದ್ದಿನ ಅಂಚಿನಲ್ಲಿ ಪೆನ್ನಿನಿಂದ ಗೆರೆ ಎಳೆದು ಪಕ್ಕದಲ್ಲಿ ಹೊತ್ತು ಬರೆಯಿರಿ. ಗೆರೆ ದಾಟಿದ್ದು ಎಷ್ಟು, ಎಷ್ಟು ಹೊತ್ತಿನಲ್ಲಿ ಎಂಬುದು ವೈದ್ಯರಿಗೆ ಬಹಳ ಹೇಳುತ್ತದೆ.

ಒಂದು ಎಚ್ಚರಿಕೆ. ಇಂಟರ್‌ನೆಟ್ಟಿನಲ್ಲಿ ಸಿಗುವ ಚಿತ್ರಗಳಲ್ಲಿ ಬಹುಪಾಲು ಬಿಳಿ ಚರ್ಮದವು. ಅಲ್ಲಿ ಟೊಮೆಟೊ ಕೆಂಪಾಗಿ ಕಾಣುವುದು ನಮ್ಮ ಮೈಬಣ್ಣದಲ್ಲಿ ನೇರಳೆ, ಕಂದು ಅಥವಾ ಬರೀ ಮಸಿ ಬಳಿದಂತೆ ಕಾಣಬಹುದು. ಹಾಗಾಗಿ ಕಣ್ಣನ್ನಷ್ಟೇ ನಂಬದೆ ಕೈ ತೊಳೆದು ಬೆರಳಿನಿಂದ ಮುಟ್ಟಿ: ಬಿಸಿ ಇದೆಯೇ, ಉಬ್ಬಿದೆಯೇ, ಗಟ್ಟಿಯೇ, ಮುಟ್ಟಿದರೆ ನೋವೇ?

ಹಂತ 4: ಮದ್ದಿನ ಪಂಚಾಂಗ ಬರೆಯಿರಿ

ಇಡೀ ಮಾರ್ಗದರ್ಶಿಯಲ್ಲಿ ನಿಮ್ಮಿಂದ ಮಾತ್ರ ಆಗುವ ಕೆಲಸ ಇದು. ಚರ್ಮವನ್ನು ವೈದ್ಯರು ನೋಡಿಕೊಳ್ಳುತ್ತಾರೆ. ಹಿಂದಿನ ಎಂಟು ವಾರಗಳಲ್ಲಿ ಮೈಗೆ ಏನೇನು ಹೋಯಿತು ಎಂಬುದು ಮನೆಯವರಿಗೆ ಗೊತ್ತು. ಒಂದು ಹಾಳೆಯಲ್ಲಿ ತಾರೀಖಿನ ಪ್ರಕಾರ ಬರೆಯಿರಿ: ಕೀಮೋ, ಮಾತ್ರೆ, ಆಂಟಿಬಯಾಟಿಕ್, ಇಂಜೆಕ್ಷನ್, ರಕ್ತ, ಪ್ಲೇಟ್‌ಲೆಟ್. ಪಕ್ಕದ ಕ್ಲಿನಿಕ್ಕಿನಲ್ಲಿ ಕೆಮ್ಮಿಗೆ ಕೊಟ್ಟ ಮಾತ್ರೆ, ನಾಟಿ ಔಷಧಿಯನ್ನೂ ಬಿಡಬೇಡಿ. ನಾಚಿಕೆಪಟ್ಟು ಮುಚ್ಚಿಟ್ಟ ಒಂದು ಕಷಾಯದಿಂದಾಗಿ, ತಪ್ಪಿಲ್ಲದ ಒಳ್ಳೆಯ ಕೀಮೋ ಮಾತ್ರೆ ನಿಂತುಹೋದೀತು.

ಯಾಕೆ ಎಂಟು ವಾರ? ಮದ್ದಿನ ದದ್ದಿಗೆ ಅದರದೇ ಆದ ಕಾಲವಿದೆ. ಎಎಲ್ಎಲ್ ಮಕ್ಕಳಿಗೆ ಕೊಡುವ ಆಸ್ಪರಾಜಿನೇಸ್ ಇಂಜೆಕ್ಷನ್ ಅಥವಾ ರಕ್ತ ಏರಿಸಿದ್ದಕ್ಕೆ ಒಗ್ಗದಿದ್ದರೆ ನಿಮಿಷಗಳಲ್ಲಿ, ಹೆಚ್ಚೆಂದರೆ ಗಂಟೆಗಳಲ್ಲಿ ಪಿತ್ತಗಂಧೆ ಏಳುತ್ತದೆ. ಮೈತುಂಬ ದಡಾರದಂಥ ಸಣ್ಣ ದದ್ದು ಹೊಸ ಮದ್ದು ಶುರುವಾದ ಮೊದಲೆರಡು ವಾರದಲ್ಲಿ. ಚರ್ಮ ಸುಲಿಯುವ ಭೀಕರ ರೂಪ, ಸ್ಟೀವನ್ಸ್–ಜಾನ್ಸನ್ ಎಂದು ಹೆಸರು, ಸುಮಾರು 4ನೇ ದಿನದಿಂದ 4ನೇ ವಾರದೊಳಗೆ. ‘ಡ್ರೆಸ್’ ಎಂದು ಕರೆಯುವ ಇನ್ನೊಂದಿದೆ. ಅದರಲ್ಲಿ ಮುಖ ಊದುತ್ತದೆ, ಜ್ವರ, ಕುತ್ತಿಗೆಯ ಗಡ್ಡೆ, ಯಕೃತ್ತಿನ ತೊಂದರೆ ಜೊತೆಗೆ ಬರುತ್ತವೆ. ಅದು ಬಹಳ ನಿಧಾನ, 2ರಿಂದ 8 ವಾರ. ಎರಡು ತಿಂಗಳ ಹಿಂದೆ ಶುರು ಮಾಡಿದ ಮಾತ್ರೆಯ ಮೇಲೆ ಯಾರಿಗೂ ಅನುಮಾನ ಬರುವುದಿಲ್ಲ, ಅದಕ್ಕೇ ಈ ಪಂಚಾಂಗ.

ಕೀಮೋ ಔಷಧಿಯನ್ನೇ ಎಲ್ಲರೂ ದೂರುತ್ತಾರೆ. ಆದರೆ ಜೊತೆಗೆ ಕೊಡುವ ‘ಸಣ್ಣ’ ಮಾತ್ರೆಗಳು ಕಡಿಮೆಯವಲ್ಲ. ಯೂರಿಕ್ ಆಮ್ಲ ಏರದಿರಲು ಕೊಡುವ ಅಲೋಪ್ಯುರಿನಾಲ್, ಶ್ವಾಸಕೋಶದ ಒಂದು ಬಗೆಯ ಸೋಂಕು ತಡೆಯಲು ವಾರಕ್ಕೆರಡು ಮೂರು ದಿನ ಕೊಡುವ ಕೋಟ್ರೈಮಾಕ್ಸಜೋಲ್ ಎರಡಕ್ಕೂ ಸ್ಟೀವನ್ಸ್–ಜಾನ್ಸನ್ ತರುವ ಕುಖ್ಯಾತಿ ಇದೆ.

ಮಾತ್ರೆ ನಿಲ್ಲಿಸಲೇ ಎಂದು ಕೇಳುತ್ತೀರಿ. ನಾನು ಪಾಲಿಸುವ ಸೂತ್ರ ಇದು: ಬಾಯಿ, ಕಣ್ಣಿನಲ್ಲಿ ಹುಣ್ಣು, ಚರ್ಮ ಸುಲಿತ, ಮುಖದ ಊತ ಇದ್ದರೆ ಮುಂದಿನ ಗುಳಿಗೆ ಕೊಡದೆ ಆಸ್ಪತ್ರೆಗೆ. ಇಲ್ಲದಿದ್ದರೆ ಮುಂದಿನ ಗುಳಿಗೆಯ ಹೊತ್ತಿಗೆ ಮೊದಲು ಫೋನ್. ಸಿಎಂಎಲ್ ರೋಗಿಗಳು ಇದನ್ನು ವಿಶೇಷವಾಗಿ ಗಮನಿಸಿ. ಇಮಾಟಿನಿಬ್ ಮಾತ್ರೆಯಿಂದ ಕಣ್ಣಿನ ಸುತ್ತ ಊತ ಬರುತ್ತದೆ, ನಮ್ಮ ಮೈಬಣ್ಣದವರಲ್ಲಿ ಚರ್ಮ ತಿಳಿಯಾಗುವುದೂ ಉಂಟು. ನೆಂಟರು ಅದನ್ನು ತೊನ್ನು ಎಂದುಕೊಂಡು ಪಿಸುಗುಟ್ಟುತ್ತಾರೆ, ರೋಗಿ ಬೇಸತ್ತು ಮಾತ್ರೆ ಬಿಡುತ್ತಾರೆ. ಅದು ತೊನ್ನಲ್ಲ. ಮಾತ್ರೆ ಬಿಟ್ಟರೆ ಬಣ್ಣ ಮರಳಬಹುದು, ಲ್ಯುಕೇಮಿಯಾವೂ ಮರಳಬಹುದು.

ಹಂತ 5: ರೋಗನಿರೋಧಕ ಪಡೆ ಎಬ್ಬಿಸುವ ಮೂರು ದದ್ದು

ಈ ಮೂರರ ಹೆಸರು ನಿಮಗೆ ಗೊತ್ತಿದ್ದರೆ ಒಳ್ಳೆಯದು, ಏಕೆಂದರೆ ಇವುಗಳನ್ನು ಸೋಂಕು, ತಿಗಣೆ, ಬಿಸಿಲು ಎಂದು ತಪ್ಪು ತಿಳಿಯುವುದೇ ಹೆಚ್ಚು.

ಸ್ವೀಟ್ ಸಿಂಡ್ರೋಮ್. ಸಿಹಿಗೂ ಇದಕ್ಕೂ ಸಂಬಂಧವಿಲ್ಲ, ಸಕ್ಕರೆ ಕಾಯಿಲೆಗೂ ಇಲ್ಲ. ರಾಬರ್ಟ್ ಡಗ್ಲಸ್ ಸ್ವೀಟ್ ಎಂಬ ಇಂಗ್ಲಿಷ್ ಚರ್ಮವೈದ್ಯರು 1964ರಲ್ಲಿ ಎಂಟು ಮಹಿಳೆಯರಲ್ಲಿ ಕಂಡು ವಿವರಿಸಿದ್ದರಿಂದ ಈ ಹೆಸರು. ಇದ್ದಕ್ಕಿದ್ದಂತೆ ಜ್ವರ, ಜೊತೆಗೆ ಮುಖ, ಕುತ್ತಿಗೆ, ತೋಳುಗಳ ಮೇಲೆ ಮುಟ್ಟಿದರೆ ನೋಯುವ ಉಬ್ಬಿದ ಗಂಟುಗಳು. ನೀರು ತುಂಬಿದಂತೆ ಕಾಣುತ್ತವೆ, ಮುಟ್ಟಿ ನೋಡಿದರೆ ಗಟ್ಟಿ. ನ್ಯೂಟ್ರೋಫಿಲ್‌ಗಳು ಯಾವ ಶತ್ರುವೂ ಇಲ್ಲದ ಕಡೆ ಚರ್ಮದೊಳಗೆ ದಂಡು ಕಟ್ಟಿ ನುಗ್ಗುವುದೇ ಇದರ ಮೂಲ. ಈ ಕಾಯಿಲೆಯವರಲ್ಲಿ ಸುಮಾರು ಐದರಲ್ಲಿ ಒಬ್ಬರಿಗೆ ಹಿನ್ನೆಲೆಯಲ್ಲಿ ಕ್ಯಾನ್ಸರ್ ಇರುತ್ತದೆ, ಅದರಲ್ಲೂ ಎಎಂಎಲ್ ಮುಂಚೂಣಿಯಲ್ಲಿ. ಕೆಲವರಲ್ಲಿ ದದ್ದೇ ಮೊದಲು ಬಂದು ಲ್ಯುಕೇಮಿಯಾ ಆಮೇಲೆ ಪತ್ತೆಯಾಗುತ್ತದೆ. ಕೌಂಟ್ ಏರಿಸಲು ಹೊಟ್ಟೆಯ ಚರ್ಮಕ್ಕೆ ಕೊಡುವ ಜಿಸಿಎಸ್ಎಫ್ ಇಂಜೆಕ್ಷನ್ ಮತ್ತು ಎಎಂಎಲ್‌ನ ಒಂದು ಬಗೆಗೆ ಕೊಡುವ ‘ಆಟ್ರಾ’ ಮಾತ್ರೆ ಇದನ್ನು ಕೆರಳಿಸಬಲ್ಲವು. ಇನ್ನೊಂದು ವಿಚಿತ್ರ ಗುಣ: ಸೂಜಿ ಚುಚ್ಚಿದಲ್ಲಿ, ಗಾಯವಾದಲ್ಲಿ ಹೊಸ ಗಂಟು ಏಳುತ್ತದೆ. ಕೀವುಗಂಟೆಂದು ಭಾವಿಸಿ ಯಾರಾದರೂ ಕೊಯ್ದರೆ ಹುಣ್ಣು ಇನ್ನಷ್ಟು ಅಗಲವಾಗುತ್ತದೆ. ‘ರಕ್ತದ ಕಾಯಿಲೆಗೆ ಚಿಕಿತ್ಸೆ ನಡೆಯುತ್ತಿದೆ, ಕೊಯ್ಯುವ ಮೊದಲು ನಮ್ಮ ಡಾಕ್ಟರ ಜೊತೆ ಮಾತಾಡಿ’ ಎಂದು ಹೇಳುವ ಧೈರ್ಯ ನಿಮಗಿರಲಿ. ಗುರುತು ಸರಿಯಾಗಿ ಸಿಕ್ಕರೆ ಇದು ಸ್ಟೀರಾಯ್ಡಿಗೆ ಎರಡು ಮೂರು ದಿನದಲ್ಲೇ ಬಗ್ಗತೊಡಗುತ್ತದೆ, ಜ್ವರವೂ ಜೊತೆಗೇ ಇಳಿಯುತ್ತದೆ.

ಕೀಟ ಕಚ್ಚಿದಂತೆ ಏಳುವ ದದ್ದು. ಇದು ಸಿಎಲ್ಎಲ್ ಇರುವ ಹಿರಿಯರದು. ಕಾಲು, ತೋಳು, ಕೆಲವೊಮ್ಮೆ ಮುಖದ ಮೇಲೆ ಸೊಳ್ಳೆ ಕಚ್ಚಿದಂಥ ದಪ್ಪ ಗುಳ್ಳೆಗಳು, ಹುಚ್ಚು ಹಿಡಿಸುವ ತುರಿಕೆ, ಕೆಲವು ನೀರುಬೊಕ್ಕೆಯಾಗುತ್ತವೆ. ಮಾಸಿ ಹೋಗಿ ಮತ್ತೆ ಬರುತ್ತವೆ, ತಿಂಗಳುಗಟ್ಟಲೆ. ಮನೆಯವರು ತಿಗಣೆ ಹುಡುಕುತ್ತಾ ಹಾಸಿಗೆಯನ್ನೆಲ್ಲ ಬಿಸಿಲಿಗೆ ಹಾಕುತ್ತಾರೆ, ಗೋಡೆಗೆ ಔಷಧಿ ಹೊಡೆಸುತ್ತಾರೆ, ನಾಯಿಯನ್ನು ಹೊರಗೆ ಕಟ್ಟುತ್ತಾರೆ. ಅದೇ ಮಂಚದಲ್ಲಿ ಮಲಗುವ ಅಜ್ಜಿಗೆ ಮಾತ್ರ ಒಂದು ಗುಳ್ಳೆಯೂ ಇರುವುದಿಲ್ಲ! ಕಚ್ಚಿದ್ದು ನೆನಪಿಲ್ಲ ಎಂದು ರೋಗಿ ಹೇಳುವುದು ನಿಜವೇ ಇರುತ್ತದೆ. ಇಯೊಸಿನೊಫಿಲ್ ಎಂಬ ಅಲರ್ಜಿಯ ಕಣಗಳು ಇಲ್ಲಿ ಗುಂಪುಗೂಡಿರುತ್ತವೆ, ಅದಕ್ಕಾಗಿ ವರದಿಯಲ್ಲಿ ‘ಇಯೊಸಿನೊಫಿಲಿಕ್ ಡರ್ಮಟೋಸಿಸ್’ ಎಂದು ಬರೆಯುತ್ತಾರೆ. ಸಿಎಲ್ಎಲ್ ರೋಗಿಗಳಲ್ಲಿ ಇದನ್ನು 1965ರಷ್ಟು ಹಿಂದೆಯೇ ಗುರುತಿಸಿದ್ದರೂ ಇವತ್ತಿಗೂ ಅಲರ್ಜಿ ಮಾತ್ರೆ ಕೊಟ್ಟು ವಾಪಸ್ ಕಳಿಸುವುದು ನಡೆದೇ ಇದೆ. ಸಾಯಿಸುವ ದದ್ದಲ್ಲ, ಆದರೆ ನಿದ್ದೆ ಕೊಲ್ಲುತ್ತದೆ. ಮೂರು ವಾರವಾದರೂ ಹೋಗದ ‘ಸೊಳ್ಳೆ ಕಡಿತ’ವನ್ನು ರಕ್ತರೋಗ ತಜ್ಞರಿಗೆ ತೋರಿಸಿ. ಸೊಳ್ಳೆಪರದೆ ಕಟ್ಟುವುದು ಬಿಡಬೇಡಿ, ನಿಜವಾದ ಕಡಿತಕ್ಕೂ ಇವರ ಚರ್ಮ ಅತಿಯಾಗಿ ಕೆರಳುತ್ತದೆ.

ಜಿವಿಎಚ್‌ಡಿ. ಬೇರೆಯವರ ಅಸ್ಥಿಮಜ್ಜೆ ಅಥವಾ ಕಾಂಡಕೋಶ ಕಸಿ ಆದವರಿಗೆ ಮಾತ್ರ ಮುಖ್ಯವಾಗಿ ಇದರ ಭಯ. ದಾನಿಯ ಕಣಗಳು ಹೊಸ ಮನೆಗೆ ಬಂದು, ಮನೆಯನ್ನೇ ಪರಕೀಯವೆಂದು ತಿಳಿದು ದಾಳಿಗಿಳಿಯುತ್ತವೆ. ತೀವ್ರ ರೂಪ ಸಾಮಾನ್ಯವಾಗಿ ಕಸಿಯ ನಂತರದ ಮೊದಲ 100 ದಿನಗಳಲ್ಲಿ. ಅಂಗೈ, ಅಂಗಾಲಿನ ಉರಿ, ಕಿವಿ, ಕುತ್ತಿಗೆಯ ಹಿಂಭಾಗ, ಭುಜಗಳ ಮೇಲೆ ಬಿಸಿಲಿಗೆ ಸುಟ್ಟಂಥ ಬಣ್ಣ, ಇವು ಮೊದಲ ಸುಳಿವು. ಎಷ್ಟು ಹರಡಿದೆ ಎಂದು ಅಳೆಯಲು ರೋಗಿಯ ಬೆರಳು ಸೇರಿದ ಅಂಗೈಯನ್ನೇ ಅಳತೆಗೋಲು ಮಾಡಿ. ಒಂದು ಅಂಗೈ ಅಂದರೆ ಮೈಯ ಸುಮಾರು ಶೇ. 1. 25 ಅಂಗೈಗಿಂತ ಕಡಿಮೆ ಇದ್ದರೆ ಮೊದಲ ಘಟ್ಟ, 50ರವರೆಗೆ ಎರಡನೆಯದು, ಅದಕ್ಕೂ ಮೀರಿದರೆ ಮೂರನೆಯದು, ಮೈಯೆಲ್ಲ ಕೆಂಪಾಗಿ ಬೊಕ್ಕೆ ಎದ್ದರೆ ನಾಲ್ಕನೆಯದು. ಚರ್ಮದ ಜೊತೆ ನೀರುನೀರು ಭೇದಿ ಅಥವಾ ಹಳದಿ ಕಣ್ಣು ಬಂದರೆ ಕರುಳು, ಯಕೃತ್ತಿಗೂ ಹಬ್ಬಿರಬಹುದು; ಆ ದಿನವೇ ಕಸಿ ವಿಭಾಗಕ್ಕೆ ಹೋಗಿ. ದೀರ್ಘಕಾಲದ ರೂಪ ತಿಂಗಳುಗಳ ನಂತರ ಬರುತ್ತದೆ: ಚರ್ಮ ಬಿಗಿಯುವುದು, ಬಾಯಲ್ಲಿ ಬಿಳಿ ಬಲೆಯಂಥ ಗೆರೆ, ಮರಳು ಬಿದ್ದಂತೆ ಒಣಗುವ ಕಣ್ಣು. ಹೆಂಗಸರಲ್ಲಿ ಯೋನಿಯ ಬಳಿ ಉರಿ, ಬಿಗಿತವೂ ಇದರದೇ ಭಾಗವಾಗಿರಬಹುದು. ಅದನ್ನು ಹೇಳಲು ಸಂಕೋಚವಾದರೆ ನರ್ಸಿಗೆ ಬರೆದು ಕೊಡಿ, ಆದರೆ ಹೇಳಿ. ಬಿಸಿಲು ಈ ಕಾಯಿಲೆಯನ್ನು ಮತ್ತೆ ಎಬ್ಬಿಸುತ್ತದೆ. ಪೂರ್ತಿ ತೋಳಿನ ಅಂಗಿ, ಕೊಡೆ, ಸನ್‌ಸ್ಕ್ರೀನ್ ಕಸಿಯಾದವರಿಗೆ ಅಲಂಕಾರವಲ್ಲ, ಚಿಕಿತ್ಸೆ.

ಇದೇ ಜಾತಿಯ ಇನ್ನೊಂದು ಅಪಾಯ ಕಸಿ ಇಲ್ಲದೆಯೂ ಬರಬಹುದು. ನಮ್ಮಲ್ಲಿ ರಕ್ತ ಬೇಕೆಂದರೆ ಅಣ್ಣನೋ ಮಗನೋ ಕೈಚಾಚುತ್ತಾರೆ. ಆದರೆ ಹತ್ತಿರದ ರಕ್ತಸಂಬಂಧಿಯ ರಕ್ತದಲ್ಲಿರುವ ಬಿಳಿಕಣಗಳನ್ನು ರೋಗಿಯ ಮೈ ಪರಕೀಯವೆಂದು ಗುರುತಿಸದೇ ಹೋಗಬಹುದು. ಅವು ಅಲ್ಲೇ ನೆಲೆಸಿ ದಾಳಿ ಮಾಡುತ್ತವೆ. ರಕ್ತ ಏರಿಸಿದ ಎರಡು ದಿನದಿಂದ ಆರು ವಾರದೊಳಗೆ ಜ್ವರ, ದದ್ದು, ಭೇದಿ ಬರುತ್ತದೆ; ಬಂದರೆ ಬದುಕುವವರು ತೀರ ಕಡಿಮೆ. ತಡೆ ಸುಲಭ: ರಕ್ತನಿಧಿಯಲ್ಲಿ ವಿಕಿರಣ ಹಾಯಿಸಿದ ರಕ್ತ ಕೇಳುವುದು. ಬಿಳಿಕಣ ಸೋಸುವ ಫಿಲ್ಟರ್ ಕೊಂಡುತಂದರೆ ಸಾಕು ಎಂದು ಅನೇಕರು ತಿಳಿದಿದ್ದಾರೆ. ಸಾಲದು. ಮನೆಯವರು ರಕ್ತ ಕೊಡಲಿ, ಆದರೆ ಅದು ಬೇರೆ ರೋಗಿಗೆ ಹೋಗಲಿ. ನಿಮ್ಮ ರೋಗಿಗೆ ಸಂಬಂಧವಿಲ್ಲದವರದು ಬರಲಿ.

ಈ ಮೂರರಂತೆ ಕಂಡರೂ ಮೂರೂ ಅಲ್ಲದ್ದು ಒಂದಿದೆ: ಕ್ಯಾನ್ಸರ್ ಕಣಗಳೇ ಚರ್ಮಕ್ಕೆ ಇಳಿದು ಆಗುವ ನೇರಳೆ ಬಣ್ಣದ, ಗಟ್ಟಿಯಾದ, ಸಾಮಾನ್ಯವಾಗಿ ನೋಯದ ಗಂಟು. ಕೆಲವು ಎಎಂಎಲ್ ರೋಗಿಗಳಲ್ಲಿ ವಸಡೂ ಊದಿರುತ್ತದೆ. ಫೋಟೊ ನೋಡಿ ಇದನ್ನು ಹೇಳಲಾಗದು, ಬಯಾಪ್ಸಿಯೇ ಬೇಕು.

ಹಂತ 6: ಫೋನಿನಲ್ಲಿ ಹೀಗೆ ಹೇಳಿ

“ಸಾರ್, ಮೈಮೇಲೆ ಏನೋ ಎದ್ದಿದೆ” ಎಂದರೆ “ನಾಳೆ ಓಪಿಡಿಗೆ ಬನ್ನಿ” ಎಂಬ ಉತ್ತರ ಬರುತ್ತದೆ. ತಪ್ಪು ಅವರದಲ್ಲ. ಇದನ್ನು ನೋಡಿ:

“ರೋಗಿ 46 ವರ್ಷದವರು, ಎಎಂಎಲ್. ಎರಡನೇ ಸುತ್ತಿನ ಕೀಮೋ ಮುಗಿದು 11 ದಿನ. ಸೋಮವಾರದ ಕೌಂಟ್: ನ್ಯೂಟ್ರೋಫಿಲ್ 300, ಪ್ಲೇಟ್‌ಲೆಟ್ 22,000. ಕೌಂಟ್ ಏರಿಸುವ ಇಂಜೆಕ್ಷನ್ ನಾಲ್ಕು ದಿನದಿಂದ ನಡೀತಿದೆ. ನಿನ್ನೆ ಸಂಜೆಯಿಂದ ಕುತ್ತಿಗೆ, ಎಡತೋಳಿನ ಮೇಲೆ ನೋಯುವ ಐದು ಗಂಟು. ಈಗ ಜ್ವರ 101.2. ಬಾಯಲ್ಲಿ ಹುಣ್ಣಿಲ್ಲ. ಏನೂ ಹಚ್ಚಿಲ್ಲ, ಜ್ವರದ ಮಾತ್ರೆ ಕೊಟ್ಟಿಲ್ಲ. ಎಲ್ಲಿಗೆ ಕರೆತರಲಿ?”

ಅರ್ಧ ನಿಮಿಷ ಸಾಕು. ಎದುರಿನವರು ಕುರ್ಚಿಯಿಂದ ಎದ್ದಿರುತ್ತಾರೆ.

ಹಂತ 7: ಬಯಾಪ್ಸಿಗೆ ಹೆದರಬೇಡಿ

ಬಯಾಪ್ಸಿ ಎಂದೊಡನೆ ‘ಕೈ ಹಾಕಿದರೆ ಹರಡುತ್ತದೆ’ ಎಂಬ ಮಾತು ಶುರುವಾಗುತ್ತದೆ. ಲ್ಯುಕೇಮಿಯಾ ರಕ್ತದಲ್ಲೇ ಇರುವ ಕಾಯಿಲೆ, ಚರ್ಮದ ತುಣುಕು ತೆಗೆದರೆ ಹರಡಲು ಅಲ್ಲಿ ಹೊಸದೇನಿಲ್ಲ. ಜಾಗ ಜೋಮು ಹಿಡಿಸಿ, ಉದ್ದಿನಕಾಳಿನಷ್ಟು, ಸುಮಾರು 4 ಮಿಲಿಮೀಟರ್ ಅಗಲದ ತುಣುಕು ತೆಗೆಯುತ್ತಾರೆ. ಒಂದೆರಡು ಹೊಲಿಗೆ. ಪ್ಲೇಟ್‌ಲೆಟ್ ಕಡಿಮೆ ಇದ್ದರೂ ಜಾಗ ಒತ್ತಿ ಹಿಡಿದು, ಬೇಕಾದರೆ ಪ್ಲೇಟ್‌ಲೆಟ್ ಏರಿಸಿ ಮಾಡುತ್ತಾರೆ.

ಒಂದು ಕಡೆ ನೀವು ಬಾಯಿಬಿಟ್ಟು ಕೇಳಬೇಕು: “ಕಲ್ಚರ್‌ಗೂ ಒಂದು ತುಣುಕು ಕಳಿಸುತ್ತೀರಾ?” ಸೂಕ್ಷ್ಮದರ್ಶಕದಲ್ಲಿ ನೋಡುವ ತುಣುಕು ಫಾರ್ಮಲಿನ್‌ನಲ್ಲಿ ಹೋಗುತ್ತದೆ. ಫಾರ್ಮಲಿನ್ ರೋಗಾಣುಗಳನ್ನು ಕೊಲ್ಲುತ್ತದೆ, ಹಾಗಾಗಿ ಸೋಂಕು ಬೆಳೆಸಿ ನೋಡುವ ತುಣುಕು ಬೇರೆಯಾಗಿ, ಸಲೈನಿನಲ್ಲಿ ಹೋಗಬೇಕು. ಹೊರಗಿನ ಲ್ಯಾಬಿಗೆ ನೀವೇ ಡಬ್ಬಿ ಒಯ್ಯುವುದಾದರೆ ಎರಡು ಡಬ್ಬಿಯ ಹೆಸರು ಅದಲುಬದಲಾಗದಂತೆ ನೋಡಿಕೊಳ್ಳಿ.

ವರದಿ ಬಂದರೂ ಎಲ್ಲ ನಿಚ್ಚಳವಾಗುತ್ತದೆ ಎಂದೇನಲ್ಲ. ಶುರುವಿನ ಜಿವಿಎಚ್‌ಡಿಯೂ ಮದ್ದಿನ ದದ್ದೂ ಸೂಕ್ಷ್ಮದರ್ಶಕದ ಕೆಳಗೆ ಒಂದೇ ರೀತಿ ಕಾಣಬಹುದು. ಆಗ ತೂಗಿ ನಿರ್ಧರಿಸಲು ಸಿಗುವುದು ಹಂತ 4ರ ನಿಮ್ಮ ಹಾಳೆಯೇ.

ಹಂತ 8: ಸ್ಟೀರಾಯ್ಡ್ ಬರೆದುಕೊಟ್ಟ ಮೇಲೆ

ಸೋಂಕಲ್ಲ ಎಂದು ನೋಡಿ ವೈದ್ಯರೇ ಬರೆದರೆ ಹೆದರಿ ಅರ್ಧ ಡೋಸು ಮಾಡಬೇಡಿ. ಮುಲಾಮಿನ ಅಳತೆ ಹೀಗೆ: ದೊಡ್ಡವರ ತೋರುಬೆರಳಿನ ತುದಿಯಿಂದ ಮೊದಲ ಗೆರೆಯವರೆಗೆ ಹಿಂಡಿದ್ದು ಸುಮಾರು ಅರ್ಧ ಗ್ರಾಂ, ಅದು ಎರಡು ಅಂಗೈಯಷ್ಟು ಜಾಗಕ್ಕೆ ಸಾಕು. ಮುಖಕ್ಕೂ ತೊಡೆಸಂದಿಗೂ ಕೊಡುವ ಟ್ಯೂಬು ಬೇರೆ, ಕೈಕಾಲಿನದು ಬೇರೆ. ಟ್ಯೂಬಿನ ಮೇಲೆ ಮಾರ್ಕರಿನಿಂದ ಬರೆದಿಡಿ.

ಮಾತ್ರೆಯಾದರೆ ಬೆಳಗಿನ ತಿಂಡಿಯ ನಂತರ. ವಾರಗಟ್ಟಲೆ ತೆಗೆದುಕೊಂಡದ್ದನ್ನು ದದ್ದು ಮಾಸಿತೆಂದು ಒಮ್ಮೆಲೇ ನಿಲ್ಲಿಸಬಾರದು. ಮೈ ತನ್ನದೇ ಸ್ಟೀರಾಯ್ಡ್ ತಯಾರಿಸುವುದನ್ನು ಮರೆತಿರುತ್ತದೆ, ರಕ್ತದೊತ್ತಡ ಕುಸಿಯಬಹುದು. ಸಕ್ಕರೆ ಇಲ್ಲದವರಿಗೂ ಸಕ್ಕರೆ ಏರುತ್ತದೆ, ಗ್ಲುಕೋಮೀಟರ್ ಇದ್ದರೆ ಮಧ್ಯಾಹ್ನ, ಸಂಜೆ ನೋಡಿ. ಎದೆ, ಬೆನ್ನಿನ ಮೇಲೆ ಒಂದೇ ಅಳತೆಯ ಮೊಡವೆಗಳು ಎದ್ದರೆ ಅದು ಸ್ಟೀರಾಯ್ಡಿನದೇ ಮೊಡವೆ ಇರಬಹುದು, ಗಾಬರಿಪಡದೆ ತೋರಿಸಿ.

ಇನ್ನೊಂದು, ಇದು ಲ್ಯುಕೇಮಿಯಾ ಇನ್ನೂ ಖಚಿತವಾಗದ ಮನೆಗಳಿಗೆ. ಮಗುವಿಗೆ ವಾರಗಳಿಂದ ಜ್ವರ, ಬಿಳಿಚಿದ ಮುಖ, ಮೈಮೇಲೆ ಕಲೆ ಇದ್ದರೆ ಸಿಬಿಸಿ ಮಾಡಿಸದೆ ಸ್ಟೀರಾಯ್ಡ್ ಸಿರಪ್ ಕೊಡಿಸಬೇಡಿ. ಎಎಲ್ಎಲ್ ಕಣಗಳು ಸ್ಟೀರಾಯ್ಡಿಗೆ ಕರಗುತ್ತವೆ. ನಾಲ್ಕು ದಿನ ಮಗು ಚೆನ್ನಾಗಿರುತ್ತದೆ, ರೋಗ ಮುಚ್ಚಿಹೋಗುತ್ತದೆ, ಪತ್ತೆ ತಡವಾಗುತ್ತದೆ.

ಹಂತ 9: ಕಾರ್ಡು ಬರೆದಿಡಿ

ದದ್ದಿಗೆ ಯಾವುದೋ ಮದ್ದು ಕಾರಣ ಎಂದು ವೈದ್ಯರು ತೀರ್ಮಾನಿಸಿದರೆ ಅದು ಡಿಸ್ಚಾರ್ಜ್ ಸಾರಾಂಶದ ಮೂರನೇ ಪುಟದಲ್ಲಿ ಹೂತುಹೋಗಲು ಬಿಡಬೇಡಿ. ಅಂಗೈಯಗಲದ ಕಾರ್ಡಿನಲ್ಲಿ ಮದ್ದಿನ ಮೂಲ ಹೆಸರು (ಕಂಪನಿಯ ಹೆಸರಲ್ಲ, ಒಂದೇ ಮದ್ದಿಗೆ ಹತ್ತು ಕಂಪನಿಯ ಹೆಸರಿರುತ್ತದೆ), ತಾರೀಖು, ಏನಾಯಿತು ಎಂದು ಬರೆದು, ವಿಕಿರಣ ಹಾಯಿಸಿದ ರಕ್ತವೇ ಬೇಕೆಂದು ಹೇಳಿದ್ದರೆ ಅದನ್ನೂ ಸೇರಿಸಿ, ಆಧಾರ್ ಕಾರ್ಡಿನ ಜೊತೆ ಇಡಿ. ಮದ್ದಿನ ಅಡ್ಡಪರಿಣಾಮವನ್ನು ರೋಗಿಯ ಮನೆಯವರೂ ಸರ್ಕಾರದ ಔಷಧ ಸುರಕ್ಷತಾ ಕಾರ್ಯಕ್ರಮಕ್ಕೆ ವರದಿ ಮಾಡಬಹುದು. ಉಚಿತ ಸಹಾಯವಾಣಿ 1800-180-3024. ಕಾರ್ಡಿನ ಫೋಟೊ ನಿಮ್ಮ ಫೋನಿನಲ್ಲಿ ಮಾತ್ರವಲ್ಲ, ಮನೆಯ ಇನ್ನಿಬ್ಬರ ಫೋನಿನಲ್ಲೂ ಇರಲಿ. ರಾತ್ರಿ ಎರಡು ಗಂಟೆಗೆ ಕ್ಯಾಶುವಾಲ್ಟಿಯಲ್ಲಿ ನಿಂತಿರುವವರು ನೀವೇ ಆಗಿರುತ್ತೀರಿ ಎಂದೇನಿಲ್ಲ.